ಮಾವನ ಕಾಲಿನ ಹುಣ್ಣಿಗೆ ನಾವು ಕೊಂಡದ್ದು, ಕೆಲಸಕ್ಕೆ ಬಂದದ್ದು

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ನಮ್ಮ ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಒದ್ದೆ ಗುರುತು ಕಂಡಿತು. ನಾಣ್ಯದಷ್ಟು ಅಗಲ. ಎರಡು ಹೆಜ್ಜೆಗೆ ಒಂದರಂತೆ ಬಚ್ಚಲಿನಿಂದ ಜಗಲಿಯ ತನಕ ಇತ್ತು. ಮಾವ ಸ್ನಾನ ಮುಗಿಸಿ ಪೇಪರ್ ಹಿಡಿದು ಕೂತಿದ್ದರು. "ನೀರು ತುಳಿದಿರ್ತೀನಿ ಬಿಡಮ್ಮ" ಅಂದರು. ನೆಲ ಒರೆಸಿದ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದೆ. ನೀರಲ್ಲ ಅದು.

ಕಾಲು ಎತ್ತಿ ನೋಡಿದರೆ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಐದು ರೂಪಾಯಿ ನಾಣ್ಯದಷ್ಟು ಹುಣ್ಣು. ಸುತ್ತ ಹಳದಿ ಆಣಿ ಗಟ್ಟಿಯಾಗಿ ಅಂಚು ಕಟ್ಟಿತ್ತು. ಚಪ್ಪಲಿ ತರಿಸಿ ನೋಡಿದೆವು. ಕೊಬ್ಬರಿ ಒಡೆಯುವಾಗ ಹಾರಿದ ಚಿಪ್ಪಿನ ಚೂರೊಂದು ಒಳಗಡೆ ಅಟ್ಟೆಗೆ ಕಚ್ಚಿಕೊಂಡು ನಿಂತಿತ್ತು. ಎಷ್ಟು ದಿನದಿಂದ? ಅವರಿಗೆ ಗೊತ್ತಿಲ್ಲ. ನೋವೇ ಆಗಿರಲಿಲ್ಲ. 19 ವರ್ಷದ ಶುಗರ್ ಆ ಪಾದದ ನೋವನ್ನೇ ತಿಂದುಹಾಕಿತ್ತು.

ನಾನು ತಿಪಟೂರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಫಾರ್ಮಸಿಸ್ಟ್ ನಾನೇ. 22 ವರ್ಷದಿಂದ ಇಂಥ ಹುಣ್ಣಿಗೆ ಪಟ್ಟಿ, ಮುಲಾಮು ಮಾರಿದ್ದೇನೆ. ಆದರೆ ಕೊಳ್ಳುವವಳಾಗಿ ನಿಂತದ್ದು ಇದೇ ಮೊದಲು. ಮಾವನ ಹುಣ್ಣು ಮುಚ್ಚಲು 14 ವಾರ ಹಿಡಿಯಿತು. ಆ 14 ವಾರದಲ್ಲಿ ನಾವು ಬಳಸಿ ನೋಡಿದ ಒಂದೊಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರದ್ದೋ ಕಾಲಿಗೆ ಪಟ್ಟಿ ಕಟ್ಟಿದ್ದರೆ ಉಪಯೋಗಕ್ಕೆ ಬರಲಿ.

ಮೊದಲು ಅಂಗಡಿಯ ಕಡೆಯಿಂದ ಸ್ವಲ್ಪ. ನಾನು ಶುರು ಮಾಡಿದಾಗ ಕಾಲಿನ ಹುಣ್ಣಿಗೆ ಜನ ಕೇಳುತ್ತಿದ್ದದ್ದು ನಾಲ್ಕೇ ಸಾಮಾನು: ಹತ್ತಿ, ಗಾಜ್ ಬಟ್ಟೆ, ಪೊವಿಡೋನ್ ಅಯೋಡಿನ್, ಹೈಡ್ರೋಜನ್ ಪೆರಾಕ್ಸೈಡ್. ಪೆರಾಕ್ಸೈಡ್ ಹಾಕಿದರೆ ಬುರುಬುರು ನೊರೆ ಬರುತ್ತೆ, ನೊರೆ ಬಂದರೆ ಗಾಯ ಸ್ವಚ್ಛ ಆಯಿತು ಅನ್ನೋ ನಂಬಿಕೆ ಇತ್ತು. ಹೊಸದಾಗಿ ಹುಟ್ಟುವ ಎಳೆ ಮಾಂಸವನ್ನೂ ಅದು ಹಾಳು ಮಾಡುತ್ತೆ ಅಂತ ನಾನು ತಿಳಿದುಕೊಂಡದ್ದು ಎಷ್ಟೋ ಬಾಟಲಿ ಮಾರಿದ ಮೇಲೆ. ಆಮೇಲೆ ಸಿಲ್ವರ್ ಜೆಲ್ ಬಂತು, ಕೊಲಾಜೆನ್ ಪುಡಿ ಬಂತು. ಈಗ ಐದಾರು ವರ್ಷದಿಂದ ಫೋಮ್, ಆಲ್ಜಿನೇಟ್, ಹೈಡ್ರೋಜೆಲ್ ಅನ್ನೋ ಹೊಸ ಬಗೆಯ ಡ್ರೆಸ್ಸಿಂಗ್, ಹೊಸ ಮಾಂಸ ಬೆಳೆಯಲು ಪ್ರಚೋದಿಸುವ ಗ್ರೋತ್ ಫ್ಯಾಕ್ಟರ್ ಜೆಲ್. ಬೆಂಗಳೂರಿನಿಂದ ಬಾಡಿಗೆಗೆ ಬರುವ ವ್ಯಾಕ್ಯೂಮ್ ಮಿಷನ್ ಕೂಡ ಇದೆ. ಬರೀ ಗಾಯದ ಸಾಮಾನನ್ನೇ ಬ್ಯಾಗಿನಲ್ಲಿ ಹಿಡಿದು ತಿಂಗಳಿಗೆ ಇಬ್ಬರು ಮೂವರು ರೆಪ್‌ಗಳು (ಕಂಪನಿಯ ಮಾರಾಟ ಪ್ರತಿನಿಧಿಗಳು) ನನ್ನ ಅಂಗಡಿಗೆ ಬರುತ್ತಾರೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ವ್ಯಾಪಾರ ಯಾಕೆ ಬೆಳೆಯುತ್ತಿದೆ ಅಂತ ಬೇರೆ ಹೇಳಬೇಕಾ?

ಆದರೆ ಬೆಳೆಯುತ್ತಿರುವುದೆಲ್ಲ ಗಾಯದ ಮೇಲೆ ಹಚ್ಚುವ, ಅಂಟಿಸುವ ಸಾಮಾನು. ಗಾಯದ ಮೇಲೆ ಬೀಳುವ ಭಾರ ಇಳಿಸುವ ಸಾಮಾನು ಹಿಡಿದು ಇಷ್ಟು ವರ್ಷದಲ್ಲಿ ಒಬ್ಬ ರೆಪ್ಪೂ ನನ್ನ ಕೌಂಟರಿಗೆ ಬಂದಿಲ್ಲ. ಇದು ಎಷ್ಟು ದೊಡ್ಡ ಕೊರತೆ ಅಂತ ಮಾವನ ಕಾಲು ಕಲಿಸಿತು.

ಮೊದಲ ಐದು ವಾರ ನಾವು ಮಾಡಿದ್ದು ಎಲ್ಲರೂ ಮಾಡುವುದೇ. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಗಾಯ ತೊಳೆದು, ಆ್ಯಂಟಿಬಯೋಟಿಕ್ ಬರೆದು, ಸಿಲ್ವರ್ ಜೆಲ್ ಕೊಟ್ಟರು. ಹದಿನೈದು ದಿನ ಬಿಟ್ಟು ಗ್ರೋತ್ ಫ್ಯಾಕ್ಟರ್ ಜೆಲ್ ಬರೆದರು. ಕಾಲಿಗೆ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡಲಿಲ್ಲ. ಹೇಗೆ ನಡೆಯುತ್ತೀರಿ ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ, ಇದು ನನಗೆ ಈಗಲೂ ಬೇಜಾರು. ಮಾವ ಪಟ್ಟಿ ಕಟ್ಟಿಕೊಂಡೇ ತೋಟಕ್ಕೆ ಹೋಗಿ ಬರುತ್ತಿದ್ದರು. ನೋವಿಲ್ಲದ ಮನುಷ್ಯನಿಗೆ ಸುಮ್ನೆ ಕೂರಿ ಅಂದರೆ ಕೂರುತ್ತಾರಾ?

ಒಂದು ಕೆಲಸ ಮಾತ್ರ ನಾನು ಸರಿಯಾಗಿ ಮಾಡಿದೆ. ಪ್ರತಿ ಭಾನುವಾರ ಗಾಯದ ಅಳತೆ ತೆಗೆದೆ. ಗಾಜ್ ಪ್ಯಾಕೆಟ್ಟಿನ ಒಳಗಿನ ಶುಭ್ರ ಪ್ಲಾಸ್ಟಿಕ್ ಹಾಳೆಯನ್ನು ಗಾಯದ ಮೇಲೆ ಮೆಲ್ಲಗೆ ಇಟ್ಟು, ಹೊರಮೈಯಲ್ಲಿ ಮಾರ್ಕರ್‌ನಿಂದ ಅಂಚು ಬರೆಯುವುದು. ಆಮೇಲೆ ಆ ಗುರುತನ್ನು ಮಗಳ ಗ್ರಾಫ್ ಪುಸ್ತಕದ ಮೇಲೆ ಇಟ್ಟು ಚೌಕ ಎಣಿಸುವುದು. ಮೊದಲ ಭಾನುವಾರ 4.1 ಚದರ ಸೆಂಟಿಮೀಟರ್. ಐದನೇ ಭಾನುವಾರ 3.8. ಸರಿಯಾದ ಚಿಕಿತ್ಸೆ ಸಿಕ್ಕ ಹುಣ್ಣು ನಾಲ್ಕು ವಾರದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕು, ಇಳಿಯದಿದ್ದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ಗ್ರಾಫ್ ಪುಸ್ತಕ ನೋಡಿ ನನ್ನ ಕೈ ತಣ್ಣಗಾಯಿತು. ಅಷ್ಟು ಹೊತ್ತಿಗೆ ನರ್ಸಿಂಗ್ ಹೋಮಿನವರು "ಬೆರಳು ತೆಗೆದುಬಿಡೋದು ಒಳ್ಳೇದು" ಅನ್ನಲು ಶುರು ಮಾಡಿದ್ದರು.

ಆ ಐದು ವಾರ ಬಳಸಿದ ಸಾಮಾನುಗಳ ವಿಷಯ ಹೇಳುತ್ತೇನೆ.

ಫೋಮ್ ಡ್ರೆಸ್ಸಿಂಗ್ ನನಗೆ ಇಷ್ಟವಾಯಿತು. ಸ್ಪಂಜಿನಂತೆ ಸೋರಿಕೆ ಹೀರಿಕೊಳ್ಳುತ್ತೆ, ಸುತ್ತಲ ಚರ್ಮ ನೆನೆದು ಬೆಳ್ಳಗಾಗುವುದಿಲ್ಲ. ಗಾಜ್ ಬಟ್ಟೆ ಒಣಗಿ ಅಂಟಿಕೊಂಡರೆ ಕೀಳುವಾಗ ಎಳೆ ಮಾಂಸವೂ ಕಿತ್ತು ಬರುತ್ತೆ. ಮಾವನಿಗೆ ನೋವಾಗುವುದಿಲ್ಲ, ಆದರೆ ರಕ್ತ ಬಂದದ್ದು ನನ್ನ ಕಣ್ಣಿಗೆ ಕಾಣುತ್ತೆ ಅಲ್ವಾ. ಫೋಮ್ ಹಾಗಲ್ಲ, ಸಲೀಸಾಗಿ ಬಿಟ್ಟುಕೊಳ್ಳುತ್ತೆ. 10ಕ್ಕೆ 10 ಸೆಂಟಿಮೀಟರಿನ ಒಂದು ತುಂಡಿಗೆ ನಮ್ಮಲ್ಲಿ 450 ರೂಪಾಯಿ ಆಸುಪಾಸು. ಅಂಟಿನ ಅಂಚು ಇಲ್ಲದ್ದನ್ನು ತಂದರೆ ಗಾಯದ ಅಳತೆಗೆ ಕತ್ತರಿಸಬಹುದು. ಎರಡು ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕು ಅನ್ನೋದರಿಂದ ದಿನಾ ಗಾಜ್ ಕಟ್ಟುವ ಖರ್ಚಿಗೂ ಇದಕ್ಕೂ ಅಂಥ ದೂರವಿಲ್ಲ. ಇದನ್ನು ಧೈರ್ಯವಾಗಿ ಹೇಳುತ್ತೇನೆ, ಕೊಳ್ಳಿ.

ಸಿಲ್ವರ್ ಜೆಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಮಧುಮೇಹದ ಪಾದಕ್ಕೆಂದೇ ಇರುವ ಐಡಬ್ಲ್ಯುಜಿಡಿಎಫ್ ಅನ್ನೋ ಅಂತರರಾಷ್ಟ್ರೀಯ ತಜ್ಞರ ಕೂಟ 2023ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿದೆ. ಬರೀ ಗಾಯ ಮಾಯಲಿ ಅಂತ ಸಿಲ್ವರ್ ಹಚ್ಚಬೇಡಿ, ಜೇನುತುಪ್ಪ ಹಚ್ಚಬೇಡಿ, ಗ್ರೋತ್ ಫ್ಯಾಕ್ಟರನ್ನೂ ರೂಢಿಯ ಚಿಕಿತ್ಸೆ ಮಾಡಬೇಡಿ ಅಂತ ಅದು ಹೇಳುತ್ತೆ. ಗ್ರೋತ್ ಫ್ಯಾಕ್ಟರ್ ಜೆಲ್ ಹೊಸದೇನಲ್ಲ. ಬೆಕಾಪ್ಲರ್ಮಿನ್ ಅನ್ನೋ ಜೆಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಅದೂ ರಕ್ತದ ಹರಿವು ಚೆನ್ನಾಗಿರುವ ಕಾಲಿಗೆ, ಸತ್ತ ಮಾಂಸ ಕೆತ್ತಿ ತೆಗೆದು ಭಾರ ಇಳಿಸುವ ಚಿಕಿತ್ಸೆಯ ಜೊತೆಗೆ ಕೊಡುವಂಥದ್ದು. ನಾವು ಜೆಲ್ ಮಾತ್ರ ತಂದೆವು, ಜೊತೆಗೆ ಇರಬೇಕಾದ್ದನ್ನು ಬಿಟ್ಟೆವು. ಸಾವಿರ ರೂಪಾಯಿ ಮೇಲಿನ ಸಣ್ಣ ಟ್ಯೂಬನ್ನು ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಜೋಪಾನವಾಗಿಟ್ಟು, ಬೆಳಿಗ್ಗೆ ತೆಳ್ಳಗೆ ಸವರುತ್ತಿದ್ದೆ. ಮಾವ ಅದರ ಮೇಲೆ ನಿಂತು ತೆಂಗಿನ ಗಿಡಕ್ಕೆ ನೀರು ಹಾಯಿಸಿ ಬರುತ್ತಿದ್ದರು.

ಆರನೇ ವಾರ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಪಾದದ ಚಿಕಿತ್ಸೆ ಮಾತ್ರ ಮಾಡುವ ಒಂದು ಸಣ್ಣ ಕ್ಲಿನಿಕ್. ಈ ವಿಮರ್ಶೆಯಲ್ಲಿ ನಾನು ಮನಸಾರೆ ಹೊಗಳುವುದು ಆ ಕ್ಲಿನಿಕ್ಕಿನ ಮೊದಲ ಮುಕ್ಕಾಲು ಗಂಟೆಯನ್ನು. ಮುಲಾಮಿನ ಮಾತೇ ಬರಲಿಲ್ಲ. ಮೊದಲು ಮಾವನಿಗೆ ಕಣ್ಣು ಮುಚ್ಚಿಸಿ, ಮೀನಿನ ಗಾಳದ ದಾರದಂಥ ನೈಲಾನ್ ಎಳೆಯಿಂದ ಅಂಗಾಲಿನ ಬೇರೆ ಬೇರೆ ಕಡೆ ಒತ್ತಿದರು. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. "ಮುಟ್ಟಿದಾಗ ಹೇಳಿ ಅಜ್ಜಾ" ಅಂದರು ಡಾಕ್ಟರಮ್ಮ. ಹತ್ತು ಸಲ ಮುಟ್ಟಿದರು. ಮಾವ ಒಂದೇ ಸಲ "ಹ್ಞೂಂ" ಅಂದರು, ಅದೂ ಹಿಮ್ಮಡಿಯ ಹತ್ತಿರ. ಕಣ್ಣು ಬಿಟ್ಟು "ಶುರು ಮಾಡ್ತೀರೇನಮ್ಮ?" ಅಂತ ಕೇಳಿದರು. ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ತೋಳಿನ ಬಿಪಿ ಮತ್ತು ಕಾಲಿನ ಹರಡಿನ ಬಿಪಿ ಎರಡನ್ನೂ ಡಾಪ್ಲರ್ (ರಕ್ತದ ಹರಿವನ್ನು ಸದ್ದಿನಲ್ಲಿ ಕೇಳಿಸುವ ಸಾಧನ) ಇಟ್ಟು ಅಳೆದು ಹೋಲಿಸಿದರು. ಶುಗರ್ ಹಳೆಯದಾದರೆ ರಕ್ತನಾಳ ಗಟ್ಟಿಯಾಗಿ ಈ ಲೆಕ್ಕ ಸುಳ್ಳೂ ಹೇಳಬಹುದಂತೆ. ಅದಕ್ಕೇ ಹೆಬ್ಬೆರಳಿನ ರಕ್ತದೊತ್ತಡವನ್ನೂ ನೋಡಿದರು. ರಕ್ತ ಚೆನ್ನಾಗಿ ಹರಿಯುತ್ತಿತ್ತು. ಸಣ್ಣ ಸ್ಟೀಲ್ ಕಡ್ಡಿಯಿಂದ ಹುಣ್ಣಿನ ತಳ ಮುಟ್ಟಿ, ಮೂಳೆ ತಾಗುತ್ತದಾ ಅಂತ ನೋಡಿದರು. ತಾಗಲಿಲ್ಲ. ಎಕ್ಸ್‌ರೇಯಲ್ಲೂ ಮೂಳೆ ಸ್ವಚ್ಛವಾಗಿತ್ತು. ಬೆರಳು ತೆಗೆಯುವ ಮಾತಿಗೆ ಯಾವ ಆಧಾರವೂ ಇರಲಿಲ್ಲ ಅಂತಾಯಿತು. ಕೊನೆಗೆ ಬ್ಲೇಡ್ ಹಿಡಿದು ಆಣಿಯನ್ನು ಪದರ ಪದರವಾಗಿ ಕೆತ್ತಿ ತೆಗೆದರು. ಆ ಆಣಿಯೇ ಚಪ್ಪಲಿಯೊಳಗಿನ ಕಲ್ಲಿನಂತೆ ಗಾಯವನ್ನು ಒತ್ತುತ್ತಿತ್ತಂತೆ. ಕೆತ್ತಿದ ಮೇಲೆ ಹುಣ್ಣು ಇನ್ನೂ ದೊಡ್ಡದಾಗಿ ಕಂಡಿತು, ನಾನು ಹೆದರಿದೆ. "ಈಗ ಕಾಣ್ತಿರೋದೇ ನಿಜವಾದ ಅಳತೆ" ಅಂದರು.

ಆಮೇಲೆ ಪ್ಲಾಸ್ಟರ್ ಹಾಕಿದರು. ಮೂಳೆ ಮುರಿದವರಿಗೆ ಹಾಕುವಂತೆ, ಮೊಣಕಾಲಿನ ಕೆಳಗಿನ ತನಕ. ಇದಕ್ಕೆ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಅನ್ನುತ್ತಾರೆ. ಇಡೀ ಪಾದ ಮತ್ತು ಮೀನಖಂಡಕ್ಕೆ ಅಂಟಿದಂತೆ ಕೂರುವುದರಿಂದ ಭಾರ ಒಂದೇ ಕಡೆ ಬೀಳದೆ ಹಂಚಿಹೋಗುತ್ತೆ. ಬಿಚ್ಚಲು ಬರುವುದಿಲ್ಲ ಅನ್ನೋದೇ ಇದರ ದೊಡ್ಡ ಗುಣ. ಬಿಚ್ಚಿಡುವ ಬೂಟು ಕೊಟ್ಟರೆ ರಾತ್ರಿ ಬಚ್ಚಲಿಗೆ ಹೋಗುವಾಗ, ಬೆಳಿಗ್ಗೆ ಪೂಜೆಗೆ ಹೋಗುವಾಗ ತೆಗೆದಿಡುತ್ತಾರೆ. ದಿನಕ್ಕೆ ಹತ್ತಿಪ್ಪತ್ತು ಹೆಜ್ಜೆ ಬರಿಗಾಲಲ್ಲಿ ಇಟ್ಟರೂ ಗಾಯ ಮತ್ತೆ ಜಜ್ಜಿಹೋಗುತ್ತೆ. ಅಂಗಾಲಿನ ಇಂಥ ಹುಣ್ಣಿಗೆ ಬಿಚ್ಚಲಾಗದ, ಮೊಣಕಾಲಿನ ಹತ್ತಿರದವರೆಗೆ ಬರುವ ಸಾಧನವನ್ನೇ ಮೊದಲು ಕೊಡಿ ಅಂತ ಆ 2023ರ ಮಾರ್ಗಸೂಚಿಯೂ ಹೇಳುತ್ತೆ.

ಇದು ಹೊರದೇಶದಿಂದ ಬಂದ ದುಬಾರಿ ಹೊಸ ವಿದ್ಯೆ ಅಂದುಕೊಂಡಿದ್ದೆ. ಅಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ನೋವಿಲ್ಲದ ಪಾದದ ಹುಣ್ಣಿಗೆ ಪ್ಲಾಸ್ಟರ್ ಹಾಕಿ ಗುಣ ಮಾಡುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಆ ವಿದ್ಯೆಯನ್ನು ಜೊತೆಗೆ ಒಯ್ದರು. ಅಲ್ಲಿಂದ ಅದು ಮಧುಮೇಹದ ಪಾದಕ್ಕೂ ಹರಡಿತು. ನಮ್ಮ ಪಕ್ಕದ ರಾಜ್ಯದಲ್ಲಿ ಬಡವರ ಕಾಲು ಉಳಿಸಿದ ಚಿಕಿತ್ಸೆ ಇದು. ಅದರ ಹೆಸರು ತಿಪಟೂರಿನ ನನ್ನ ಅಂಗಡಿಗೆ 22 ವರ್ಷವಾದರೂ ತಲುಪಿರಲಿಲ್ಲ ಅನ್ನೋದು ನನಗೆ ನಿಜಕ್ಕೂ ಸಂಕಟದ ವಿಷಯ.

ತೊಂದರೆಯೇ ಇಲ್ಲ ಅನ್ನುವುದಿಲ್ಲ. ಒಂದು ಸಲ ಹಾಕಲು ನಮಗೆ 2,000 ರೂಪಾಯಿ ಆಯಿತು. ಊತ ಇಳಿದರೆ ಪ್ಲಾಸ್ಟರ್ ಸಡಿಲವಾಗಿ ಉಜ್ಜುತ್ತೆ, ಆದ್ದರಿಂದ ಮೊದಲನೆಯದನ್ನು ನಾಲ್ಕೇ ದಿನಕ್ಕೆ ಬದಲಿಸಿದರು, ಆಮೇಲೆ ವಾರಕ್ಕೊಮ್ಮೆ. ಪ್ರತಿ ವಾರ ರೈಲು, ಆಟೋ, ಒಂದು ದಿನದ ಅಂಗಡಿ ವ್ಯಾಪಾರ ಹೋಯಿತು. ಒಂದು ಕಾಲು ಎತ್ತರವಾಗಿ ಮಾವನ ಸೊಂಟ ಹಿಡಿದುಕೊಂಡಿತು. ಇನ್ನೊಂದು ಕಾಲಿನ ಚಪ್ಪಲಿಗೆ ಅಟ್ಟೆ ಏರಿಸಿದ ಮೇಲೆ ಸರಿಹೋಯಿತು. ಸ್ನಾನಕ್ಕೆ ಕಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ಟೂಲಿನ ಮೇಲೆ ಇಡಬೇಕು. ಇನ್ನೊಂದು ಮುಖ್ಯ ಮಾತು. ಗಾಯದಲ್ಲಿ ಸೋಂಕು ಜೋರಾಗಿದ್ದರೆ, ಅಥವಾ ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದರೆ ಇದನ್ನು ಹಾಕುವಂತಿಲ್ಲ. ಎಲ್ಲರೂ ಹಾಕಿ ಅಂತ ಹೇಳಬೇಡಿ, ಪರೀಕ್ಷೆ ಮಾಡಿಸಿ.

ನನ್ನ ಗ್ರಾಫ್ ಪುಸ್ತಕ ಹೇಳಿದ್ದು ಇಷ್ಟು. ಆಣಿ ಕೆತ್ತಿದ ದಿನ 4.4. ಎರಡು ವಾರಕ್ಕೆ 2.7. ನಾಲ್ಕು ವಾರಕ್ಕೆ 1.4. ಒಂಬತ್ತನೇ ವಾರ ಡಾಕ್ಟರಮ್ಮ ಪ್ಲಾಸ್ಟರ್ ಕತ್ತರಿಸಿ, ಗಾಜ್ ಎತ್ತಿ, ಏನೂ ಹೇಳದೆ ನನ್ನ ಕಡೆ ತಿರುಗಿಸಿದರು. ಎಳೆ ಮಗುವಿನ ಅಂಗಾಲಿನಂಥ ಗುಲಾಬಿ ಚರ್ಮ. ಪ್ಲಾಸ್ಟರಿನ ಒಳಗೆ ಹಾಕುತ್ತಿದ್ದದ್ದು ಸಾದಾ ಅಂಟದ ಗಾಜ್ ಮತ್ತು ಫೋಮ್ ಅಷ್ಟೇ.

ಅಲ್ಲಿ ಕಾಯುವ ಜಾಗದಲ್ಲಿ ವ್ಯಾಕ್ಯೂಮ್ ಹಾಕಿಸಿಕೊಂಡವರನ್ನೂ ನೋಡಿದೆ. ಗಾಯಕ್ಕೆ ಸ್ಪಂಜ್ ತುಂಬಿ, ಮೇಲೆ ಪ್ಲಾಸ್ಟಿಕ್ ಅಂಟಿಸಿ, ಮಿಷನ್ನಿನಿಂದ ಸೋರಿಕೆ ಎಳೆಯುವುದು. ಆಪರೇಷನ್ ಮಾಡಿ ಕೀವು ತೆಗೆದ ಮೇಲೆ ಉಳಿಯುವ ದೊಡ್ಡ ಗುಂಡಿಗೆ ಅದು ಒಳ್ಳೆಯದು. ಮಾವನದಂಥ ಸಣ್ಣ ಹುಣ್ಣಿಗೆ ಅದು ಬೇಡ. ಆದರೂ ಒಬ್ಬ ಡೀಲರ್ ನನಗೆ ಅದನ್ನು ಫೋನಿನಲ್ಲೇ ಮಾರಲು ನೋಡಿದ್ದರು, ಗಾಯದ ಒಂದು ಫೋಟೋ ಕೂಡ ಕೇಳದೆ. ಹೊಸ ಡ್ರೆಸ್ಸಿಂಗ್‌ಗಳ ಪೈಕಿ ಸುಕ್ರೋಸ್ ಆಕ್ಟಾಸಲ್ಫೇಟ್ ಅನ್ನೋ ಪದಾರ್ಥ ಸೇರಿಸಿದ್ದು ಕೆಲಸ ಮಾಡುತ್ತೆ ಅನ್ನಲು ಒಳ್ಳೆಯ ಆಧಾರ ಇದೆ. 2018ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 240 ಜನರಿದ್ದರು. 20 ವಾರದಲ್ಲಿ ಇದನ್ನು ಹಾಕಿದವರಲ್ಲಿ ಶೇ. 48, ಸಾದಾ ಡ್ರೆಸ್ಸಿಂಗ್‌ನವರಲ್ಲಿ ಶೇ. 30 ಮಂದಿಯ ಹುಣ್ಣು ಮುಚ್ಚಿತು. ರಕ್ತದ ಹರಿವು ಸ್ವಲ್ಪ ಕಡಿಮೆ ಇರುವ ಕಾಲಿಗೆ ಅದು. ಮಾವನಿಗೆ ಬೇಕಾಗಲಿಲ್ಲ.

ಈಗ ಚಪ್ಪಲಿ. ಹುಣ್ಣು ಮಾದ ದಿನ ನಾವು ಸಿಹಿ ಹಂಚಬೇಕು ಅಂತಿದ್ದೆವು (ಮಾವನಿಗೆ ಬಿಟ್ಟು). ಡಾಕ್ಟರಮ್ಮ ತಡೆದರು. ಮಾದ ಹುಣ್ಣು ಒಂದು ವರ್ಷದೊಳಗೆ ನೂರರಲ್ಲಿ ಸುಮಾರು ನಲವತ್ತು ಜನರಿಗೆ ಮತ್ತೆ ಬರುತ್ತೆ ಅಂದರು. ಅದಕ್ಕೇ ಚಪ್ಪಲಿಯ ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ.

ಎಂಸಿಆರ್ ಅಂದರೆ ಮೈಕ್ರೋಸೆಲ್ಯುಲರ್ ರಬ್ಬರ್. ಒಳಗೆ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರ್. ಇದೂ ಕುಷ್ಠರೋಗಿಗಳ ಪಾದಕ್ಕೆ ಬಳಕೆಗೆ ಬಂದದ್ದೇ. ನಾವು ಮೊದಲು ಆನ್‌ಲೈನಿನಲ್ಲಿ 'ಡಯಾಬಿಟಿಕ್ ಚಪ್ಪಲಿ' ಅಂತ ಒಂದು ಜೊತೆ ತರಿಸಿದೆವು, 700 ರೂಪಾಯಿ. ಕೈಯಲ್ಲಿ ಒತ್ತಿದರೆ ಹತ್ತಿಯಂತೆ ಮೆತ್ತಗಿತ್ತು, ಖುಷಿಯಾಯಿತು. ಹದಿನೈದು ದಿನಕ್ಕೆ ಹೆಬ್ಬೆರಳಿನ ಬುಡದಲ್ಲಿ ಹಪ್ಪಳವಾಗಿಬಿಟ್ಟಿತು. ಹಿಂದೆ ಪಟ್ಟಿಯೂ ಇರಲಿಲ್ಲ. ಕಾಲಿಗೆ ಸ್ಪರ್ಶ ಇಲ್ಲದವರಿಗೆ ಚಪ್ಪಲಿ ಜಾರಿಹೋದದ್ದೂ ಗೊತ್ತಾಗುವುದಿಲ್ಲ. ಮಾವ ತೋಟದ ಬದುವಿನ ಮೇಲೆ ಒಂದು ಚಪ್ಪಲಿ ಬಿಟ್ಟು ಮನೆ ತನಕ ನಡೆದು ಬಂದಿದ್ದರು.

ಎರಡನೇ ಜೊತೆ ಕ್ಲಿನಿಕ್ಕಿನಲ್ಲೇ ಪಾದದ ಅಚ್ಚು ತೆಗೆದು ಮಾಡಿಸಿದ್ದು. 2,800 ರೂಪಾಯಿ. ಒಳಗೆ ಎಂಸಿಆರ್, ಹೊರಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ, ವೆಲ್ಕ್ರೋ. ಬೆರಳಿನ ಸಂದಿಗೆ ಉಂಗುಟ ಇಲ್ಲ, ಎಲ್ಲೂ ಮೊಳೆ ಇಲ್ಲ. ಅಳತೆಯನ್ನು ಸಂಜೆ ತೆಗೆದರು, ಹಗಲೆಲ್ಲ ನಡೆದ ಕಾಲು ಸಂಜೆಗೆ ಊದಿರುತ್ತೆ ಅಂತ. ಇದನ್ನು ಹಾಕಿ ಮಾವ ತೋಟದಲ್ಲೂ ನಡೆಯುತ್ತಾರೆ. ಕೆಸರಿನಲ್ಲಿ ವೆಲ್ಕ್ರೋ ಹಿಡಿಯುವುದಿಲ್ಲ ಅನ್ನೋದೊಂದೇ ದೂರು. ಹಳ್ಳಿಯ ಕಾಲಿಗೆ ಬಕಲ್ ಇಟ್ಟು ಮಾಡಿದರೆ ಎಷ್ಟು ಚೆನ್ನಾಗಿರುತ್ತೆ, ಮಾಡುವವರು ದಯವಿಟ್ಟು ಯೋಚಿಸಿ.

ಈ ವಿಷಯದಲ್ಲಿ ನನಗೆ ಆಸೆ ಹುಟ್ಟಿಸಿದ ಸುದ್ದಿ ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಮತ್ತು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಸೇರಿ 3ಡಿ ಪ್ರಿಂಟ್ ಮಾಡಿದ ಸ್ಯಾಂಡಲ್ ಒಂದನ್ನು 2022ರಲ್ಲಿ ತೋರಿಸಿದರು. ಅಟ್ಟೆಯೊಳಗೆ ಸಣ್ಣ ಸಣ್ಣ ಕಮಾನುಗಳಿರುತ್ತವೆ. ಒಂದು ಕಡೆ ಭಾರ ಮಿತಿ ಮೀರಿದರೆ ಅಲ್ಲಿನ ಕಮಾನು ಟಕ್ಕನೆ ಒಳಗೆ ಬಾಗಿ, ಭಾರ ಅಕ್ಕಪಕ್ಕಕ್ಕೆ ಹೋಗುತ್ತೆ. ಕಾಲೆತ್ತಿದಾಗ ಮತ್ತೆ ಮೊದಲಿನಂತೆ. ಬ್ಯಾಟರಿ, ಸೆನ್ಸರ್ ಏನೂ ಬೇಡ. ಇಂಥದ್ದನ್ನು ನನ್ನ ಕೌಂಟರಿನಲ್ಲಿ ಜೋಡಿಸಿಡುವ ದಿನಕ್ಕೆ ಕಾಯುತ್ತಿದ್ದೇನೆ.

ಅಂಗಡಿಯಲ್ಲಿ ಕೆಲವು ಬದಲಾಯಿಸಿದ್ದೇನೆ. ಆಣಿಗೆ ಅಂಟಿಸುವ ಕಾರ್ನ್ ಕ್ಯಾಪ್ ಕೇಳಿದರೆ ಮೊದಲು "ಶುಗರ್ ಇದೆಯಾ?" ಅಂತ ಕೇಳುತ್ತೇನೆ. ಇದ್ದರೆ ಕೊಡುವುದಿಲ್ಲ. ಅದರಲ್ಲಿರುವ ಸ್ಯಾಲಿಸಿಲಿಕ್ ಆ್ಯಸಿಡ್ ಆಣಿಯ ಜೊತೆ ಒಳ್ಳೆಯ ಚರ್ಮವನ್ನೂ ಸುಡುತ್ತೆ, ಅವರಿಗೆ ಗೊತ್ತೇ ಆಗುವುದಿಲ್ಲ. ಕಾಲು ಕೆಂಪಾಗಿ ಬಿಸಿ ಇದ್ದರೆ, ಕೀವು ಇದ್ದರೆ, ಜ್ವರ ಬಂದಿದ್ದರೆ ಮುಲಾಮು ಕೊಡದೆ ಅವತ್ತೇ ಆಸ್ಪತ್ರೆಗೆ ಕಳಿಸುತ್ತೇನೆ. ಫೋಮ್ ಕೊಳ್ಳುವವರಿಗೆ ಒಂದು ಗ್ರಾಫ್ ಹಾಳೆ ಪುಕ್ಕಟೆ.

ಮಾವನಿಗೀಗ 72. ಚಪ್ಪಲಿ ಮೆಟ್ಟುವ ಮುಂಚೆ ಎರಡನ್ನೂ ಮಗುಚಿ, ಜಗಲಿ ಕಲ್ಲಿಗೆ ಬಡಿದು, ಒಳಗೆ ಕೈಯಾಡಿಸಿ ನೋಡುತ್ತಾರೆ. ರಾತ್ರಿ ಮಲಗುವ ಮುಂಚೆ ಮೊಮ್ಮಗಳು ಮೊಬೈಲ್ ಟಾರ್ಚ್ ಹಿಡಿದು ಅಂಗಾಲು ನೋಡುತ್ತಾಳೆ. ಹೋದ ವಾರ ಚಪ್ಪಲಿ ತಿರುಗಿಸಿ ನೋಡಿದೆ, ಬಲಗಾಲಿನ ಹೆಬ್ಬೆರಳಿನ ಜಾಗದಲ್ಲಿ ಎಂಸಿಆರ್ ಇಳಿದು ಹಳ್ಳ ಬಿದ್ದಿದೆ. ಎಂಟು ತಿಂಗಳು ಬಾಳಿತು. ಹೊಸ ಜೊತೆಗೆ ಹೇಳಿದ್ದೇನೆ. "ಈ ಸಲ ಕಪ್ಪು ಬಣ್ಣದ್ದು ಇರ್ಲಿ ಕಣಮ್ಮ, ಜಾತ್ರೆಗೆ ಹಾಕ್ಕೊಂಡು ಹೋಗ್ಬೇಕು" ಅಂದಿದ್ದಾರೆ.